ಹಿಂದಿನ ಸೀಟಿನ ಮಾವ

ಸೆಪ್ಟೆಂಬರ್ ೪, ಸೋಮವಾರ
ಮೊದಲನೇ ವಸತಿಗೃಹ

ರೀ,

ಕ್ಷೇಮವೇ ಅಂತ ಕೇಳೋ ಮನಸ್ಸಿಲ್ಲ. ಮನೇಲಿ ಕಾಲು ಚಾಚಿಕೊಂಡು ಕೂತಿರೋರು ಕ್ಷೇಮವಾಗಿಯೇ ಇರ್ತಾರೆ. ನನ್ನ ಸಮಾಚಾರ ಕೇಳಿ.

ಅಪ್ಪನಿಗೆ ಎಪ್ಪತ್ತು ತುಂಬಿದ ಖುಷಿಗೆ ಎರಡು ವಾರ ಸೈಕಲ್ ಪ್ರವಾಸ ಮಾಡಿಸ್ತೀನಿ ಅಂತ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದೋರು ನೀವು. ಇಬ್ಬರು ತುಳಿಯೋ ಜೋಡಿ ಸೈಕಲ್ ಗೊತ್ತು ಮಾಡಿದೋರು ನೀವು. "ಒಂದು ಕಡೆ ನದಿ, ಒಂದು ಕಡೆ ದ್ರಾಕ್ಷಿ ತೋಟ. ಮೋಟಾರು ಗಾಡಿ ಒಂದೂ ಬರಲ್ಲ. ಕಣ್ಣು ಕಾಣದಿದ್ರೂ ಅಪ್ಪ ಹಿಂದೆ ಕೂತು ಆರಾಮಾಗಿ ತುಳೀಬಹುದು" ಅಂತ ಆಸೆ ಹುಟ್ಟಿಸಿದೋರೂ ನೀವೇ. ಹೊರಡೋಕೆ ಮುಂಚಿನ ಸಂಜೆ "ಆಸ್ಪತ್ರೆ ಲಿಫ್ಟು ಕೆಟ್ಟು ನಿಂತಿದೆ, ನಾನಿಲ್ಲದೆ ಆಗಲ್ಲ" ಅಂತ ಕೈ ಕೊಟ್ಟೋರೂ ನೀವೇ. ಅಷ್ಟು ದೊಡ್ಡ ಪಟ್ಟಣದಲ್ಲಿ ಲಿಫ್ಟ್ ಮೆಕ್ಯಾನಿಕ್ ಅಂತ ಇರೋದು ನೀವೊಬ್ಬರೇನಾ?

ಸ್ಕೂಲು ಬಿಟ್ಟ ಮೇಲೆ ನಾನು ಸೈಕಲ್ ಮುಟ್ಟಿಲ್ಲ. ಈ ಸೈಕಲ್ಲೋ, ಮುಂದಿನ ಚಕ್ರ ಒಂದೂರಲ್ಲಿದ್ರೆ ಹಿಂದಿನದು ಇನ್ನೊಂದೂರಲ್ಲಿ. ತಿರುಗಿಸೋಕೆ ಮೈದಾನ ಬೇಕು. ಅದರ ಮೇಲೆ ನಿಮ್ಮಪ್ಪ. ಜೀವಮಾನವೆಲ್ಲ ಬಸ್ಸು ಓಡಿಸಿದ ಮನುಷ್ಯನ್ನ ಹಿಂದಿನ ಸೀಟಲ್ಲಿ ಕೂರಿಸಿದ್ರೆ ಏನಾಗುತ್ತೆ ಅಂತ ಒಂದು ಕ್ಷಣನಾದ್ರೂ ಯೋಚಿಸಿದ್ರಾ?

"ಬ್ರೇಕ್ ಹಾಕೋ ಮುಂಚೆ ಹೇಳಬೇಕಮ್ಮ. ಪ್ಯಾಸೆಂಜರ್ ಮುಗ್ಗರಿಸ್ತಾರೆ."

"ಪ್ಯಾಸೆಂಜರ್ ನೀವೊಬ್ಬರೇ ಮಾವ."

"ಒಬ್ಬನಾದ್ರೆ ಮುಗ್ಗರಿಸಬಹುದಾ?"

ಸ್ವಲ್ಪ ಹೊತ್ತು ಬಿಟ್ಟು, "ಈಗ ಏನು ಕಾಣ್ತಿದೆ?"

"ದ್ರಾಕ್ಷಿ."

"ಈಗ?"

"ದ್ರಾಕ್ಷಿ, ಮಾವ."

"ಎಂಥಾ ದ್ರಾಕ್ಷಿ?"

"ಬಳ್ಳಿಲಿರೋ ದ್ರಾಕ್ಷಿ!"

ಆಮೇಲೆ ಒಂದು ಮೈಲಿ ಮುನಿಸು. ಮುನಿಸು ಮುಗಿದ ಮೇಲೆ, "ಗಾಡಿ ಓಡಾಡದ ದಾರೀನ ರಸ್ತೆ ಅಂತ ಯಾರಮ್ಮ ಅಂದೋರು? ಸ್ಮಶಾನದ ಹಾಗಿದೆ."

ಸೇತುವೆ ಎಷ್ಟು ಎತ್ತರ ಇದೆ ಅಂತ ಕೇಳಿದರು. ಬಗ್ಗಿ ನೋಡಿ ಹೇಳೋಕೆ ಹೋದೆ, ಜೇಬಲ್ಲಿದ್ದ ಫೋನು ನದಿ ಪಾಲಾಯಿತು. ವಸತಿಗೃಹದ ಫೋನು ಊಟದ ಮೇಜಿನ ಪಕ್ಕಕ್ಕೇ ಇದೆ. ಮಾವನ ಕಿವಿ ನಿಮಗೆ ಗೊತ್ತಲ್ಲ, ಅವರೆದುರಿಗೆ ಏನಂತ ಮಾತಾಡಲಿ? ಅದಕ್ಕೇ ಕಾಗದ. ಪ್ರವಾಸದವರ ವ್ಯಾನು ದಿನಾ ನಮ್ಮ ಪೆಟ್ಟಿಗೆಗಳನ್ನ ಮುಂದಿನ ಊರಿಗೆ ಮುಟ್ಟಿಸಿ ಸಂಜೆಗೆ ಪಟ್ಟಣಕ್ಕೆ ವಾಪಸ್ ಬರುತ್ತೆ. ಅದರ ಡ್ರೈವರ್ ಕೈಲಿ ಕಳಿಸ್ತಿದ್ದೀನಿ. ಉತ್ತರಾನೂ ಅವನ ಕೈಲೇ ಕೊಡಿ.

ದಿನಾ ಊರವರಿಗೆಲ್ಲ ಕಟ್ಟುಹಲ್ಲು ಮಾಡಿಕೊಡೋಳು ನಾನು. ಹೀಗೇ ಹಲ್ಲು ಕಡೀತಾ ಇದ್ರೆ ವಾಪಸ್ ಬರೋ ಹೊತ್ತಿಗೆ ನನಗೇ ಒಂದು ಸೆಟ್ಟು ಬೇಕಾಗುತ್ತೆ. ನನ್ನ ರಜೆ ಇರೋದು ಒಂದೇ ವಾರ. ಮೂರನೇ ದಿನ ಬಂದು ಸೇರ್ಕೋತೀನಿ ಅಂದಿದ್ರಿ. ಬನ್ನಿ.

ನಿಮ್ಮ ಹೆಂಡತಿ


ಸೆಪ್ಟೆಂಬರ್ ೫, ಮಂಗಳವಾರ
ಮನೆ

ನನ್ನ ಹಲ್ಲಮ್ಮನಿಗೆ,

ನಿನ್ನ ಕಾಗದ ಓದಿ ಒಬ್ಬನೇ ನಕ್ಕೆ. ಬೈಕೋಬೇಡ. ಆಸ್ಪತ್ರೆ ಲಿಫ್ಟಿನ ಮೋಟರು ಸುಟ್ಟೇಹೋಗಿದೆ, ಹೊಸದು ಬರಬೇಕು. ಮೂರನೇ ದಿನಕ್ಕೆ ಬರೋದು ಕಷ್ಟ ಅನ್ನಿಸುತ್ತೆ. ನೋಡ್ತೀನಿ.

ಅಪ್ಪ ಹೇಗಿದ್ದಾರೆ ಅಂತ ಸ್ವಲ್ಪ ವಿವರವಾಗಿ ಬರಿ. ಹೊಸ ಕೋಣೇಲಿ ಬಚ್ಚಲುಮನೆ ಅವರೇ ಹುಡುಕಿಕೊಳ್ತಾರಾ? ಗೊತ್ತಿಲ್ಲದವರ ಜೊತೆ ಊಟಕ್ಕೆ ಕೂತರೆ ಮಾತಾಡ್ತಾರಾ, ಮುದುರಿಕೊಂಡು ಕೂರ್ತಾರಾ? ಹಾಸಿಗೆ ಬದಲಾದ್ರೆ ನಿದ್ದೆ ಬರುತ್ತಾ?

ಇನ್ನೊಂದು ವಿಷಯ. ಗುರುವಾರ ನೀವು ತಲುಪೋ ಊರಿಗೆ ಸ್ವಲ್ಪ ಮುಂಚೆ, ದಾರಿಗೆ ಅಂಟಿಕೊಂಡ ಹಾಗೆ ಒಂದು ಬಿಳಿ ಕಟ್ಟಡ ಇದೆಯಂತೆ. ಮುಂದೆ ತೋಟ, ಬೆಂಚು ಎಲ್ಲ ಇದೆಯಂತೆ. ಅಲ್ಲಿ ಸ್ವಲ್ಪ ಹೊತ್ತು ಕೂತು ಸುಧಾರಿಸ್ಕೊಳ್ಳಿ. ಅಪ್ಪನಿಗೆ ಆ ಜಾಗ ಹಿಡಿಸ್ತಾ ಅಂತ ಬರಿ.

ಕೋಪ ಮಾಡ್ಕೋಬೇಡ. ನೀನಿದ್ದೀಯ ಅಂತ ನನಗೆ ಧೈರ್ಯ.

ನಿನ್ನವನು


ಸೆಪ್ಟೆಂಬರ್ ೭, ಗುರುವಾರ

ರೀ,

ಹಲ್ಲಮ್ಮ ಗಿಲ್ಲಮ್ಮ ಅಂತ ಬೆಣ್ಣೆ ಹಚ್ಚಬೇಡಿ.

ನಾನೆಂಥಾ ಪೆದ್ದಿ ಅಂದ್ರೆ, ನಿಮ್ಮ ಕಾಗದ ಓದಿ ಮನಸ್ಸು ಕರಗಿಹೋಗಿತ್ತು. ಪರವಾಗಿಲ್ಲ, ಬಚ್ಚಲುಮನೆ ಸಿಗ್ತಾ, ನಿದ್ದೆ ಬಂತಾ ಅಂತೆಲ್ಲ ಕೇಳ್ತಾರಲ್ಲ, ಅಪ್ಪನ ಮೇಲೆ ಇಷ್ಟು ಜೀವ ಇಟ್ಕೊಂಡಿದ್ದಾರಲ್ಲ ಅಂದ್ಕೊಂಡೆ. ನಿನ್ನೆ ಸಂಜೆ ನಿಮ್ಮ ಪ್ರಶ್ನೆಗಳಿಗೆಲ್ಲ ಉತ್ತರ ಬರೆದೂ ಇಟ್ಟಿದ್ದೆ. ಹರಿದು ಹಾಕಿದ್ದೀನಿ.

ಇವತ್ತು ಬೆಳಿಗ್ಗೆ ಬಿದ್ವಿ. ಗಾಬರಿ ಬೇಡ, ಮಾವನ ಮೊಣಕೈ ಸ್ವಲ್ಪ ತರಚಿದೆ, ನನ್ನ ಪಾದ ಉಳುಕಿದೆ. ತಿರುವಲ್ಲಿ ನಾನು ಎಡಕ್ಕೆ ವಾಲಿದೆ, ಅವರು ಬಲಕ್ಕೆ ವಾಲಿದರು. ಸೈಕಲ್ ಸಮೇತ ದ್ರಾಕ್ಷಿ ಸಾಲಿನೊಳಗೆ ನುಗ್ಗಿದ್ವಿ. ತೋಟದಲ್ಲಿ ಗೊನೆ ಕತ್ತರಿಸ್ತಿದ್ದ ಹೆಂಗಸು ಓಡಿ ಬಂದು ನಮ್ಮನ್ನ ತಂತಿಯಿಂದ ಬಿಡಿಸಿದಳು.

"ಬಲಕ್ಕೆ ಯಾಕೆ ವಾಲಿದ್ರಿ?" ಅಂದೆ.

"ನೀನು ಎಡಕ್ಕೆ ಅನ್ನಲಿಲ್ಲ."

"ಬೆಳಗ್ಗೆಯಿಂದ ಬಾಯಿ ನೋಯೋ ಹಾಗೆ ಹೇಳ್ತಾನೇ ಇದ್ದೀನಿ! ಒಂದು ಸಲ, ಒಂದೇ ಒಂದು ಸಲ ಹೇಳದೇ ಇದ್ರೆ ಬೀಳಿಸೇಬಿಡೋದಾ? ನೀವೇನು ನನ್ನ ಮೇಲಧಿಕಾರೀನಾ? ಸಾಕಾಯ್ತು ನನಗೆ!" ಅಂತ ಕಿರುಚಿದೆ. ಹೌದು, ನಿಮ್ಮಪ್ಪನ ಮೇಲೆ. ಆ ಹೆಂಗಸು ಕತ್ತರಿ ಹಿಡ್ಕೊಂಡು ಹಾಗೇ ನಿಂತುಬಿಟ್ಟಳು. ಮಾವನ ಮುಖ ನೋಡಿದ್ರೆ, ನಗ್ತಿದ್ದಾರೆ! "ಸದ್ಯ, ಬಾಯಿ ಬಂತಲ್ಲ ನಿನಗೆ. ನಮ್ಮ ಮನೇಲಿ ಎರಡು ವರ್ಷದಿಂದ ಎಲ್ಲರೂ ನನ್ನ ಹತ್ತಿರ ರೋಗಿ ಜೊತೆ ಮಾತಾಡಿದ ಹಾಗೆ ಮಾತಾಡ್ತಿದ್ರಿ" ಅಂದರು. ಆಮೇಲೆ ದಾರಿ ಉದ್ದಕ್ಕೂ ಇಬ್ಬರೂ ಜಗಳ ಆಡ್ಕೊಂಡೇ ಬಂದ್ವಿ. ಎರಡು ತಿರುವಿಗೆ ಸರಿಯಾಗಿ ವಾಲಿದರು.

ಹಾಗೆ ಬಂದಿದ್ದು ನಿಮ್ಮ ಬಿಳಿ ಕಟ್ಟಡಕ್ಕೆ.

ಮಾವನ್ನ ಗೇಟಿನ ಹತ್ತಿರ ಬೆಂಚಲ್ಲಿ ಕೂರಿಸಿ, ನೀರು ಕೇಳೋಣ ಅಂತ ಒಳಗೆ ಹೋದೆ. ಮೇಜಿನ ಹಿಂದೆ ಕೂತಿದ್ದಾಕೆ ನನ್ನ ಕಂಡ ತಕ್ಷಣ ಎದ್ದು ನಿಂತು, "ಓ, ಜೋಡಿ ಸೈಕಲ್ಲಿನವರು! ನಿಮ್ಮ ಯಜಮಾನರು ಫೋನ್ ಮಾಡಿದ್ರು. ನದಿ ಕಡೆ ಕೋಣೆ ಮುಂದಿನ ತಿಂಗಳಿಂದ ನಿಮ್ಮ ಮಾವನವರಿಗೆ ಅಂತ ಇಟ್ಟಿದ್ದೀವಿ. ಅವರಿಗೆ ವಿಷಯ ಹೇಳಿ ಆಯ್ತಾ?" ಅಂದಳು.

ಕಣ್ಣು ಕಾಣದವರು ವಾಸ ಇರೋ ಮನೆಯಂತೆ ಅದು. ಕಟ್ಟಡದ ಹಿಂಬದಿ ಹೆಬ್ಬಾಗಿಲ ಮೇಲೆ ದೊಡ್ಡದಾಗಿ ಬರೆದಿದ್ದಾರೆ, ನಾವು ದಾರಿ ಕಡೆಯಿಂದ ಬಂದಿದ್ದಕ್ಕೆ ಕಾಣಲಿಲ್ಲ.

ನನಗೆ ನೀರು ಬೇಡವಾಯಿತು. ಆಚೆ ಬಂದು ಸೈಕಲ್ ಹತ್ತಿದೆ. "ನೀರೆಲ್ಲಿ?" ಅಂದರು. "ಇರಲಿಲ್ಲ" ಅಂದೆ. ಅವರು ಮತ್ತೆ ಕೇಳಲಿಲ್ಲ. ಅವರಿಗೆ ಏನೂ ಗೊತ್ತಾಗಿಲ್ಲ ಅಂದ್ಕೊಂಡಿದ್ದೀನಿ.

ಈಗ ಹೇಳಿ. ಲಿಫ್ಟು ಕೆಟ್ಟಿರೋದು ನಿಜಾನಾ? ಇಲ್ಲ, ಹೇಳೋ ಕೆಲಸಕ್ಕೆ ಹೆಂಡತೀನ ಮುಂದೆ ತಳ್ಳಿ ನೀವು ಮನೇಲಿ ಅಡಗಿ ಕೂತಿದ್ದೀರಾ? ಹುಟ್ಟುಹಬ್ಬದ ಉಡುಗೊರೆ ಅಂದಿದ್ದು ಇದನ್ನೇನಾ?

(ಸಹಿ ಹಾಕೋಕೂ ಕೈ ಬರ್ತಿಲ್ಲ.)


ಸೆಪ್ಟೆಂಬರ್ ೮, ಶುಕ್ರವಾರ
ಮನೆ

ನೋಡು,

ಲಿಫ್ಟು ಕೆಟ್ಟಿದ್ದು ನಿಜ. ಅದನ್ನ ಬೇರೆಯವರಿಗೆ ವಹಿಸಬಹುದಾಗಿತ್ತು ಅನ್ನೋದೂ ನಿಜ.

ಬೈದಿದ್ದಾಯ್ತಲ್ಲ, ಈಗ ನನ್ನ ಮಾತೂ ಕೇಳು. ಬೆಳಿಗ್ಗೆ ಏಳಕ್ಕೆ ನೀನು ಲ್ಯಾಬಿಗೆ ಹೋಗ್ತೀಯ. ಆಮೇಲೆ ಮನೇಲಿ ಏನಾಗುತ್ತೆ ಅಂತ ನಿನಗೆ ಗೊತ್ತಿಲ್ಲ. ಹೋದ ತಿಂಗಳು ಟ್ರಾಫಿಕ್ ಪೊಲೀಸ್ ಫೋನ್ ಮಾಡಿದ್ದ. ಅಪ್ಪ ನಾಲ್ಕು ಮಹಡಿ ಇಳಿದು ನಡುರಸ್ತೆಗೆ ಹೋಗಿ ನಿಂತಿದ್ದರಂತೆ. ಆ ಕಡೆ ಬಸ್ಸು, ಈ ಕಡೆ ಲಾರಿ, ಎಲ್ಲರೂ ಹಾರ್ನ್ ಹೊಡೀತಿದ್ದಾರೆ. ನಾನು ಓಡಿ ಹೋದೆ. "ಏನಪ್ಪಾ ಇದು?" ಅಂದರೆ, "ಸುಮ್ಮನೆ ಓಡಾಡಿಕೊಂಡು ಬರೋಣ ಅಂತ ಇಳಿದೆ" ಅಂದರು. ಅಷ್ಟು ಜನರ ಮುಂದೆ ಅವರ ಅಂಗಿ ಗುಂಡಿ ಒಂದು ಮೇಲೆ ಒಂದು ಕೆಳಗೆ ಆಗಿತ್ತು. ನನಗೆ ಅದನ್ನ ನೋಡೋಕಾಗಲಿಲ್ಲ.

ಅವತ್ತಿಂದ ನಾನು ಕೆಲಸಕ್ಕೆ ಹೋಗುವಾಗ ಹೊರಗಿಂದ ಬೀಗ ಹಾಕ್ಕೊಂಡು ಹೋಗ್ತಿದ್ದೀನಿ. ಸಂಜೆ ನೀನು ಬರೋಕೆ ಮುಂಚೆ ಬಂದು ತೆಗೀತೀನಿ. ನಿನಗೆ ಹೇಳಿರಲಿಲ್ಲ. ಅವರಿಗೂ ಗೊತ್ತಿಲ್ಲ. ಹೆತ್ತ ಅಪ್ಪನ್ನ ಕೂಡಿಹಾಕಿ ಬೇರೆಯವರ ಲಿಫ್ಟ್ ಬಾಗಿಲು ತೆಗೆಯೋಕೆ ಹೋಗೋ ಮಗ ನಾನು. ಆ ಮನೆಗೆ ಫೋನ್ ಮಾಡಿದ್ದು ಅವರು ಬೇಡವಾಗಿ ಅಂದ್ಕೊಂಡ್ಯಾ?

ಎದುರಿಗೆ ನಿಂತು ಹೇಳೋಕೆ ಮೂರು ಸಲ ಬಾಯಿ ತೆಗೆದೆ. ಮೂರು ಸಲವೂ "ಕಾಫಿ ಬೇಕಾ ಅಪ್ಪ?" ಅಂತ ಕೇಳಿ ವಾಪಸ್ ಬಂದೆ. ನಿನ್ನ ಮಾತಾದ್ರೆ ಅವರು ಕೇಳ್ತಾರೆ. ನೀನೇ ಹೇಳು. ಕೈ ಮುಗೀತೀನಿ.

ನಿನ್ನವನು


ಸೆಪ್ಟೆಂಬರ್ ೯, ಶನಿವಾರ
ಕೊನೇ ವಸತಿಗೃಹ

ರೀ,

ನಾನು ಹೇಳಲ್ಲ. ಇದು ಮೊದಲನೇ ಮಾತು, ಕೊನೇ ಮಾತೂ ಇದೇ.

ಬೀಗದ ವಿಷಯ ಓದಿದ ಮೇಲೆ ತಿಂಡಿ ಹಾಗೇ ಬಿಟ್ಟು ಎದ್ದೆ. ನಿಮ್ಮ ಮೇಲೆ ಕೋಪ ಬಂತು. ನಿಮ್ಮನ್ನ ನೆನೆಸ್ಕೊಂಡು ಸಂಕಟವೂ ಆಯ್ತು. ಎರಡೂ ಒಟ್ಟಿಗೇ ಬಂದ್ರೆ ಮನುಷ್ಯ ಏನು ಮಾಡಬೇಕು? ಸುಮ್ಮನೆ ಪೆಡಲ್ ತುಳಿದೆ.

ಮಧ್ಯಾಹ್ನ ಮಾವನಿಗೆ ಯಾಕೋ ಸಿಟ್ಟು ಬಂತು. ನಾನು ಮಾತಾಡ್ತಿಲ್ಲ, ಸೈಕಲ್ಲೂ ನೆಟ್ಟಗೆ ಓಡ್ತಿಲ್ಲ ಅಂತ. "ಇಳಿಸು ನನ್ನ. ನಾನು ನಡ್ಕೊಂಡೇ ಬರ್ತೀನಿ" ಅಂದರು. ನನಗೂ ತಲೆ ಕೆಟ್ಟಿತ್ತು. "ನಡೀರಿ ಹಾಗಾದ್ರೆ!" ಅಂದೆ.

ಮಡಚೋ ಕೋಲು ಬಿಚ್ಚಿಕೊಂಡು ನಡೆದೇಬಿಟ್ಟರು. ಅಲ್ಲಿ ತೋಟದ ಕಡೆ ಸೊಂಟದಷ್ಟು ಎತ್ತರದ ಕಲ್ಲಿನ ಗೋಡೆ, ನದಿ ಕಡೆ ಮರದ ಕಟಕಟೆ. ಗೋಡೆಗೆ ಕೋಲು ತಾಗಿಸಿಕೊಂಡು ಮೊದಲು ಮೆಲ್ಲಗೆ, ಆಮೇಲೆ ಸರಾಗವಾಗಿ ನಡೆದರು. "ಮಾವ, ಎಡಕ್ಕೆ" ಅಂತ ಕೂಗೋಕೆ ಬಾಯಿ ತೆಗೆದೆ. ಕೂಗಲಿಲ್ಲ. ಸೈಕಲ್ ತಳ್ಳಿಕೊಂಡು ದೂರದಲ್ಲಿ ಹಿಂದೆ ಹಿಂದೆ ಹೋದೆ. ಎದುರಿಗೆ ಯಾರೋ ಸೈಕಲ್ಲಲ್ಲಿ ಬಂದು ಗಂಟೆ ಬಾರಿಸಿದ್ರು, ಮಾವ ಪಕ್ಕಕ್ಕೆ ಸರಿದು ಕೈ ತೋರಿಸಿ ದಾರಿ ಬಿಟ್ಟರು, ಬಸ್ಸಿನ ಕಿಟಕಿಯಿಂದ ಕೈ ಹಾಕಿ ತೋರಿಸ್ತಾರಲ್ಲ, ಥೇಟ್ ಹಾಗೇ. ತಿರುವು ದಾಟಿ ಮರೆಯಾದರು. ಆದ್ರೂ ಓಡಲಿಲ್ಲ.

ಗೋಡೆ ಮುಗಿಯೋ ಕಡೆ ನಿಂತಿದ್ದರು. ಮೈಯೆಲ್ಲ ಬೆವರು.

"ತುಂಬಾ ದೂರ ಬಂದೆನಾ?"

"ತುಂಬಾ ದೂರ."

"ನೀನು ಹಿಂದೆನೇ ಇದ್ದೆಯಾ?"

"ಇದ್ದೆ. ದೂರದಲ್ಲಿ."

"ಒಳ್ಳೇದಾಯ್ತು" ಅಂದರು. ಕಲ್ಲಿನ ಮೇಲೆ ಕೂತು ಇನ್ನೂ ಒಂದು ವಿಷಯ ಹೇಳಿದರು. ಅದನ್ನ ಬರೆಯಲ್ಲ. ಬರೀಬೇಡ ಅಂತ ಮಾತು ತಗೊಂಡಿದ್ದಾರೆ.

ಹೋಗೋ ದಾರಿ ಮುಗೀತು. ಅದೇ ದಾರೀಲಿ ವಾಪಸ್ ಕರ್ಕೊಂಡು ಬರೋದು ನಿಮ್ಮ ಕೆಲಸ. ನಾಳೆ ಸಂಜೆ ರೈಲಿಗೆ ನಾನು ಹೊರಡ್ತೀನಿ. ಅಷ್ಟರೊಳಗೆ ನೀವಿಲ್ಲಿ ಇರಬೇಕು. ಇಲ್ಲದಿದ್ರೆ ನಿಮ್ಮಪ್ಪನ ಕೈಗೇ ಹ್ಯಾಂಡಲ್ ಕೊಟ್ಟು ಬರ್ತೀನಿ, ಅವರು ಬೇಡ ಅನ್ನಲ್ಲ.

ನಿಮ್ಮ ಹೆಂಡತಿ


ಸೆಪ್ಟೆಂಬರ್ ೧೩, ಬುಧವಾರ
ಬಿಳಿ ಕಟ್ಟಡದ ಪಕ್ಕದ ಊರು

ಹಲ್ಲಮ್ಮ,

ನನ್ನ ಸೊಂಟ ಹೋಯ್ತು. ಈ ಸೀಟು ಮಾಡಿದವನಿಗೆ ಸೊಂಟ ಅಂತ ಒಂದು ಇತ್ತೋ ಇಲ್ಲವೋ. ನಾನು ಏನು ಮಾಡಿದ್ರೂ ಅಪ್ಪನಿಗೆ ಸರಿಹೋಗಲ್ಲ. "ಗೇರ್ ಬದಲಾಯಿಸೋದು ಹಾಗಾ?" "ಏರು ಬಂತು ಅಂತ ಹೇಳಬಾರದಾ? ಅವಳು ಹೇಳ್ತಿದ್ದಳು." ಅವಳು, ಅವಳು, ಅವಳು! ಎರಡು ದಿನ ಕೇಳಿ ಕೇಳಿ ತಲೆ ಚಿಟ್ಟುಹಿಡೀತು. "ಅವಳನ್ನೇ ಕರೆಸ್ಕೊಳ್ಳಿ ಹಾಗಾದ್ರೆ" ಅಂದುಬಿಟ್ಟೆ. "ಅವಳಿಗೆ ಬೈಯೋಕೆ ಬರುತ್ತೆ, ನಿನಗೆ ಗೊಣಗೋಕೆ ಮಾತ್ರ ಬರುತ್ತೆ" ಅಂದರು.

ಸೋಮವಾರ ಹೇಳಬೇಕು ಅಂದ್ಕೊಂಡೆ, ಆಗಲಿಲ್ಲ. ನಿನ್ನೆ ಹೇಳಬೇಕು ಅಂದ್ಕೊಂಡೆ, ಎದುರುಗಾಳಿ. ಇವತ್ತು ಬೆಳಿಗ್ಗೆ ಸೈಕಲ್ ಹತ್ತುವಾಗಲೇ ಅಪ್ಪ ಅಂದರು: "ಬಿಳಿ ಕಟ್ಟಡ ಬಂದಾಗ ನಿಲ್ಲಿಸು. ಒಳಗೆ ಹೋಗಬೇಕು."

ಹ್ಯಾಂಡಲ್ ಅಲ್ಲಾಡಿ ಬೇಲಿಗೆ ಹೋಗ್ತಿದ್ವಿ.

ಗೇಟಿನ ಬೆಂಚಿಗೂ ಆ ಮೇಜಿಗೂ ನಡುವೆ ಇರೋದು ಒಂದು ತೆರೆದ ಕಿಟಕಿಯಂತೆ. ಗುರುವಾರ ಮೇಜಿನಾಕೆ ನಿನಗೆ ಹೇಳಿದ ಒಂದೊಂದು ಮಾತೂ ಅವರಿಗೆ ಕೇಳಿಸಿತ್ತು. ಕಲ್ಲಿನ ಮೇಲೆ ಕೂತು ಅವರು ನಿನಗೆ ಹೇಳಿದ್ದೂ ಅದನ್ನೇ. ನಿನಗೆ ಗೊತ್ತಿತ್ತು! ನಾನು ಎರಡು ದಿನ ಹೇಗೆ ಹೇಳೋದು ಹೇಗೆ ಹೇಳೋದು ಅಂತ ಒದ್ದಾಡ್ತಿದ್ರೆ, ಹಿಂದೆ ಕೂತ ಮನುಷ್ಯ ಎಲ್ಲ ತಿಳಿದುಕೊಂಡು ಆರಾಮಾಗಿ ಸೀಟಿ ಹೊಡೀತಿದ್ದರು! ಒಂದು ಸಾಲು ಬರೆದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?

ದಾರಿ ಪಕ್ಕಕ್ಕೆ ಸೈಕಲ್ ನಿಲ್ಲಿಸಿದೆ. "ಅಪ್ಪಾ, ನಾನು..." ಅಂತ ಶುರು ಮಾಡಿದೆ.

"ಬೀಗ ಹಾಕೋ ಶಬ್ದ ನನಗೆ ಕೇಳಿಸಲ್ಲ ಅಂದ್ಕೊಂಡಿದ್ಯಾ?" ಅಂದರು.

ನಾನು ಹ್ಯಾಂಡಲ್ ಹಿಡ್ಕೊಂಡೇ ಹಿಂದಕ್ಕೆ ತಿರುಗಿದೆ.

"ದಿನಾ ಕೇಳಿಸ್ತಿತ್ತು. ಮೊದಲನೇ ದಿನ ಬಾಗಿಲು ಒದೆಯೋಣ ಅನ್ನಿಸ್ತು. ಆಮೇಲೆ ನೋಡಿದರೆ, ಬೀಗ ಹಾಕಿ ನೀನು ಮೆಟ್ಟಿಲು ಇಳೀತಿರಲಿಲ್ಲ. ಬಾಗಿಲ ಆಚೆ ಹಾಗೇ ನಿಂತಿರ್ತಿದ್ದೆ. ಅದೂ ಕೇಳಿಸ್ತಿತ್ತು. ಅದಕ್ಕೇ ಸುಮ್ಮನಿದ್ದೆ."

ಅಷ್ಟೇ ಅಂದಿದ್ದು. ನಾನು ಅತ್ತೆ ಕಣೇ. ದ್ರಾಕ್ಷಿ ಬುಟ್ಟಿ ಹೊತ್ತವರು ಹೋಗ್ತಾ ಬರ್ತಾ ನೋಡ್ತಿದ್ದಾರೆ, ನಾನು ಸೈಕಲ್ ಹಿಡ್ಕೊಂಡು ಅಳ್ತಿದ್ದೀನಿ. "ಮುಖ ಒರಸ್ಕೋ. ಜನ ನೋಡ್ತಾರೆ" ಅಂದರು. ಕಣ್ಣು ಕಾಣದವರಿಗೆ ಅದು ಹೇಗೆ ಗೊತ್ತಾಯ್ತೋ.

ಒಳಗೆ ಹೋದ್ವಿ. ಮೇಜಿನಾಕೆಯನ್ನ ಕೂರಿಸಿಕೊಂಡು ವಿಚಾರಣೆ ಮಾಡಿದರು.

"ಬಾಗಿಲು ಹಾಕ್ತೀರಾ?"

"ಹಾಕ್ತೀವಿ. ಒಳಗಿಂದ ಯಾರು ಬೇಕಾದ್ರೂ ತೆಗೀಬಹುದು."

"ಈ ದಾರೀಲಿ ನಾನೊಬ್ಬನೇ ಓಡಾಡಬಹುದಾ?"

"ಕೋಲು ಹಿಡಿದು ನಡೆಯೋದನ್ನ ಸ್ವಲ್ಪ ದಿನ ಹೇಳಿಕೊಡ್ತೀವಿ. ಆಮೇಲೆ ನಿಮ್ಮಿಷ್ಟ. ಇಲ್ಲಿ ಗಾಡಿ ಭಯ ಇಲ್ಲವಲ್ಲ."

ಕೋಣೆ ನೋಡಿದರು. ಗೋಡೆ ತಟ್ಟಿದರು, ಕಿಟಕಿ ತೆಗೆದು ಹಾಕಿದರು, ಮಂಚ ಅಲ್ಲಾಡುತ್ತೆ ಅಂತ ತಕರಾರು ತೆಗೆದರು. ಕೊನೆಗೆ, "ಬರ್ತೀನಿ. ಆದ್ರೆ ಇವನು ಕಳಿಸ್ತಿರೋದಲ್ಲ. ನಾನು ಬರ್ತಿರೋದು. ಹಾಗಂತ ಬರ್ಕೊಳ್ಳಿ" ಅಂದರು.

ನಾನು ಬಯಸಿದ್ದೇ ಆಯ್ತಲ್ಲ, ನೆಮ್ಮದಿ ಆಗಬೇಕಿತ್ತು. ಗೇಟಿನ ಆಚೆ ಬಂದು ಸೈಕಲ್ ಹತ್ತಿದ್ರೆ ಪೆಡಲ್ ತುಳಿಯೋಕೆ ಕಾಲು ಬರ್ತಿಲ್ಲ. "ಬೇಡ ಬಿಡಿ ಅಪ್ಪ, ಮನೇಲೇ ಏನಾದ್ರೂ ಮಾಡೋಣ" ಅಂದೆ. "ನೋಡು, ಮತ್ತೆ ನೀನೇ ತೀರ್ಮಾನ ಮಾಡ್ತಿದ್ದೀಯ" ಅಂದರು.

ಶನಿವಾರ ಬರ್ತೀವಿ.

ನಿನ್ನವನು


ಸೆಪ್ಟೆಂಬರ್ ೧೪, ಗುರುವಾರ
ಮನೆ

ರೀ,

ಅಪ್ಪ ಮಗ ಸೇರಿ ಎಲ್ಲ ತೀರ್ಮಾನ ಮಾಡಿಕೊಂಡು ಬಂದ್ರಾ? ಬಹಳ ಸಂತೋಷ. ಈ ಮನೇಲಿ ನಾನೂ ಒಬ್ಬಳು ಇದ್ದೀನಿ ಅಂತ ಇಬ್ಬರಿಗೂ ನೆನಪಿಗೆ ಬರಲಿಲ್ಲ ಅಲ್ವಾ? ಒಂದು ವಾರ ಬೆನ್ನ ಹಿಂದೆ ಕೂತು ಜೀವ ತಿಂದೋರು ಮಾವ. ಬೆನ್ನ ಹಿಂದೆ ಫೋನ್ ಮಾಡಿದೋರು ನೀವು. ನನ್ನನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ? ಕೇಳಿದ್ರೆ ಬೇಡ ಅಂತಿದ್ದೆ. ಅದಕ್ಕೇ ಕೇಳಲಿಲ್ಲ, ಗೊತ್ತು.

ಬುಧವಾರ ಸಂಜೆ ನಿಮ್ಮ ಕಾಗದ ಓದಿ ಮನಸ್ಸು ತಡೀಲಿಲ್ಲ. ಇವತ್ತು ಅರ್ಧ ದಿನ ರಜೆ ಹಾಕಿದೆ. ಪಕ್ಕದ ಮನೆಯಾಕೆ ಕೈಲಿ ಹೊರಗಿಂದ ಬೀಗ ಹಾಕಿಸಿಕೊಂಡು, ಮಾವನ ಕುರ್ಚೀಲಿ ಕಣ್ಣು ಮುಚ್ಚಿ ಕೂತೆ. ಆಕೆ ನನಗೆ ಹುಚ್ಚು ಹಿಡಿದಿದೆ ಅಂದ್ಕೊಂಡಿದ್ದಾಳೆ. ಕೆಳಗೆ ರಸ್ತೇಲಿ ಬಸ್ಸು ನಿಲ್ಲುತ್ತೆ, ಹೊರಡುತ್ತೆ, ಯಾರೋ ನಗ್ತಾರೆ, ಯಾರೋ ಯಾರನ್ನೋ ಕರೀತಾರೆ. ಎಲ್ಲ ಕೇಳಿಸುತ್ತೆ, ಯಾವುದಕ್ಕೂ ಹೋಗೋ ಹಾಗಿಲ್ಲ. ಸ್ವಲ್ಪ ಹೊತ್ತಿಗೇ ಎದ್ದು ಬಾಗಿಲು ಬಡಿದೆ. ಮಾವ ಇದರಲ್ಲಿ ಒಂದು ತಿಂಗಳು ಕೂತಿದ್ದರು.

ಆದ್ದರಿಂದ ಬೇಡ ಅನ್ನೋ ಮಾತನ್ನ ವಾಪಸ್ ತಗೊಂಡಿದ್ದೀನಿ. ನಿಮ್ಮ ಮೇಲಿನ ಕೋಪ ಮಾತ್ರ ಹಾಗೇ ಇದೆ. ಅದು ಶನಿವಾರಕ್ಕೆ.

ಇನ್ನು ಮುಂದೆ ಈ ಮನೇಲಿ ಯಾರೂ ಯಾರಿಗೂ ಒಳ್ಳೇದಾಗಲಿ ಅಂತ ಏನನ್ನೂ ಮುಚ್ಚಿಡೋ ಹಾಗಿಲ್ಲ. ಈ ಕಾಗದವನ್ನ ಮಾವನಿಗೆ ಗಟ್ಟಿಯಾಗಿ ಓದಿ ಹೇಳಿ. ಪೂರ್ತಿ. ನಿಮ್ಮನ್ನ ಬೈದಿರೋದು, ಅವರನ್ನ ಬೈದಿರೋದು, ಒಂದು ಸಾಲೂ ನುಂಗಬೇಡಿ. ನುಂಗಿದರೆ ಅವರಿಗೆ ಗೊತ್ತಾಗುತ್ತೆ.

ಮಾವ, ಇನ್ನು ಮುಂದಿನದು ನಿಮಗೆ.

ನಿಮ್ಮ ಜೊತೆ ಆ ಒಂದು ವಾರ ನನಗೆ ಸಾಕು ಸಾಕಾಗಿ ಹೋಗಿತ್ತು. ರೈಲು ಹತ್ತಿದ ಮೇಲೆ ಎದುರಿಗೆ ಕೂತಿದ್ದವರಿಗೆ, ಅವರು ಕೇಳದೇನೇ, "ಸೇತುವೆ ಬಂತು, ಎತ್ತರ ಇದೆ" ಅಂದೆ. ಅವರು ಜಾಗ ಬದಲಾಯಿಸಿದರು.

ಹೋಗಿ ಅಂತ ಹೇಳೋಕೆ ನನಗೆ ಬಾಯಿ ಬರ್ತಿಲ್ಲ, ಹೋಗಬೇಡಿ ಅನ್ನೋಕೆ ಅಧಿಕಾರ ಇಲ್ಲ. ಮಂಚ ಅಲ್ಲಾಡುತ್ತೆ ಅಂದ್ರಂತೆ. ನಿಮ್ಮನ್ನ ಬಿಡೋಕೆ ನಾನೇ ಬರ್ತೀನಿ, ಸ್ಪ್ಯಾನರ್ ತರ್ತೀನಿ. ನಿಮ್ಮ ಮಗ ಗೇಟಿನ ಹತ್ತಿರ ನಿಂತು ಅಳಲಿ ಬೇಕಾದ್ರೆ. ನಾವಿಬ್ಬರೂ ಒಳಗೆ ಹೋಗಿ ಮಂಚ ಬಿಗಿ ಮಾಡೋಣ.

ನಿಮ್ಮ ಸೊಸೆ